ಗಣತಿಗೆ ಸಿಗದ ಬೆಕ್ಕು

ನಮ್ಮ ದೇಶದ ಜಾನುವಾರು ಗಣತಿ ಶುರುವಾದದ್ದು 1919ರಲ್ಲಿ. ಐದು ವರ್ಷಕ್ಕೊಮ್ಮೆ ನಡೆಯುವ ಈ ಲೆಕ್ಕದಲ್ಲಿ ದನ, ಎಮ್ಮೆ, ಕುರಿ, ಆಡು, ಹಂದಿ, ಕುದುರೆ, ಕತ್ತೆ, ಒಂಟೆ ಇವೆ. ನಾಯಿ, ಮೊಲ, ಆನೆಗಳೂ ಇವೆ. ಕೋಳಿ–ಬಾತುಗಳಿಗೂ ಕಲಂ ಉಂಟು. ಬೆಕ್ಕಿಗಿಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಯ ವಸತಿಗಳಲ್ಲಿ, ಹಳಿಯಾಳದ ಪೇಟೆಯ ಕಾಳಿನ ಅಂಗಡಿಗಳಲ್ಲಿ, ಜೋಯಿಡಾದ ಕುಣಬಿ ಮನೆಗಳ ಅಟ್ಟದಲ್ಲಿ, ಮುಂಡಗೋಡದ ಟಿಬೆಟನ್ ಶಿಬಿರಗಳ ಅಂಗಳದಲ್ಲಿ ಬೆಕ್ಕುಗಳೆಷ್ಟು ಎಂದು ಸರ್ಕಾರ ಈ ನೂರು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ಇದೇನು ಮಹಾ ಲೋಪ ಎನ್ನಬಹುದು. ಆದರೆ ಸಕ್ಕರೆ ಕಾಯಿಲೆಯಿಂದ ಬಳಲಿ, ಇನ್ಸುಲಿನ್ ಚುಚ್ಚಿಸಿಕೊಂಡು, ಕೊನೆಗೆ ಇನ್ಸುಲಿನ್ ಬೇಡವೆನ್ನುವಷ್ಟು ಚೇತರಿಸಿಕೊಂಡ ಬೆಕ್ಕೊಂದು ಒಂದು ಬೆಳಿಗ್ಗೆ ಊಟ ಬಿಟ್ಟು, ಕಾಲು ಸೋತು ಮೂಲೆಯಲ್ಲಿ ಬಿದ್ದಾಗ ಆ ಖಾಲಿ ಕಲಮಿನ ಅರ್ಥ ಗೊತ್ತಾಗುತ್ತದೆ. ಆ ಹೊತ್ತಿನ ಗಾಬರಿಗೆ ಔಷಧದ ಕೊರತೆ ಅಷ್ಟಾಗಿ ಕಾರಣವಲ್ಲ. ಉತ್ತರ ಕನ್ನಡದ ಈ ಸೀಮೆಯ ಪಶುವೈದ್ಯದ ಚರಿತ್ರೆಯೇ ಬೆಕ್ಕನ್ನು ಹೊರಗಿಟ್ಟು ಬೆಳೆದದ್ದು ಮುಖ್ಯ ಕಾರಣ. ಹಾಗೆಂದು ಆ ಚರಿತ್ರೆಯನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಬೆಕ್ಕನ್ನು ಉಳಿಸಿಕೊಳ್ಳುವ ಒಂದು ಪಾಠ ಅದರಲ್ಲೇ ಇದೆ.

ಹೊರಗಿಟ್ಟದ್ದು ನಿನ್ನೆ ಮೊನ್ನೆ ಅಲ್ಲ. ಸಂಸ್ಕೃತದಲ್ಲಿ ಕುದುರೆಗೆ ಶಾಲಿಹೋತ್ರನಿದ್ದಾನೆ, ಆನೆಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದವಿದೆ. ಕನ್ನಡದಲ್ಲಿ 12ನೇ ಶತಮಾನದ ಆರಂಭಕ್ಕೆ ಸೇರುವ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಬರೆದದ್ದು ‘ಗೋವೈದ್ಯ’. ಅವನ ನಂತರ ಅಭಿನವಚಂದ್ರ ಬರೆದದ್ದು ಅಶ್ವಶಾಸ್ತ್ರ. ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಆನೆ, ಕುದುರೆಗಳ ಜೊತೆ ಬೇಟೆನಾಯಿಗೂ ಜಾಗ ಸಿಕ್ಕಿದೆ. ಹಾಲು ಕೊಡುವುದು, ನೇಗಿಲು ಎಳೆಯುವುದು, ಯುದ್ಧಕ್ಕೆ ಹೋಗುವುದು, ಬೇಟೆಗೆ ಓಡುವುದು—ಈ ನಾಲ್ಕರಲ್ಲಿ ಒಂದಾದರೂ ಕೆಲಸ ಇದ್ದರೆ ವೈದ್ಯಶಾಸ್ತ್ರ ದೊರೆಯಿತು. ಬೆಕ್ಕಿಗೂ ಕೆಲಸವಿತ್ತು, ಆದರೆ ಇಲಿ ಹಿಡಿಯುವ ಬೆಕ್ಕು ಸತ್ತರೆ ಪಕ್ಕದ ಮನೆಯಿಂದ ಮರಿ ತಂದರಾಯಿತು. ಕೃಷ್ಣದೇವರಾಯ ಇಲಿ ಕಾಟಕ್ಕೆ ಮನೆಗೊಂದು ಬೆಕ್ಕು ಹಂಚಿ, ಅದರ ಹಾಲಿಗೆಂದು ಒಂದೊಂದು ಹಸುವನ್ನೂ ಕೊಟ್ಟ ಕತೆ, ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡಿದ ಕತೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಪ್ರಭುತ್ವವೊಂದು ಬೆಕ್ಕಿಗಾಗಿ ಖಜಾನೆ ತೆರೆದದ್ದು ನಮ್ಮ ನೆನಪಿನಲ್ಲಿ ಅದೊಂದೇ. ಅದೂ ಕಟ್ಟುಕತೆ, ಅದರಲ್ಲೂ ಲಾಭವಾದದ್ದು ಹಸು ಸಿಕ್ಕ ಮನೆಯವರಿಗೆ.

ಬ್ರಿಟಿಷರ ಕಾಲ ಈ ಸಾಲನ್ನು ಬದಲಿಸಲಿಲ್ಲ, ಕಚೇರಿಯ ಭಾಷೆಯಲ್ಲಿ ಗಟ್ಟಿ ಮಾಡಿತು. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಹೋಯಿತು. ಹಾಗಾಗಿ ಹಳಿಯಾಳ, ಸೂಪಾ (ಇಂದಿನ ಜೋಯಿಡಾ), ಮುಂಡಗೋಡಗಳಿಗೆ ಪಶುವೈದ್ಯ ಬಂದದ್ದು ಮುಂಬಯಿ–ಪುಣೆಯ ದಾರಿಯಿಂದ. ಮುಂಬಯಿ ಪಶುವೈದ್ಯ ಕಾಲೇಜು ತೆರೆದದ್ದು 1886ರಲ್ಲಿ. ಅದರ ಮೊದಲ ಪ್ರಾಂಶುಪಾಲ ಜೆ. ಎಚ್. ಸ್ಟೀಲ್ ಅದರ ಹಿಂದಿನ ವರ್ಷವಷ್ಟೇ ಆನೆಯ ರೋಗಗಳ ಕೈಪಿಡಿ ಪ್ರಕಟಿಸಿದ್ದ. ಸೇನೆಗೆ ಕುದುರೆ ಬೇಕು, ಸಾಮಾನು ಹೊರಲು ಆನೆ ಬೇಕು, ಕಂದಾಯಕ್ಕೆ ಎತ್ತು ಬೇಕು. ಕಾನೂನುಗಳೂ ಅದೇ ಕ್ರಮದಲ್ಲಿ ಹುಟ್ಟಿದವು. ಕುದುರೆಯ ಗ್ಲ್ಯಾಂಡರ್ಸ್ ರೋಗಕ್ಕೆ 19ನೇ ಶತಮಾನದಲ್ಲೇ ಪ್ರತ್ಯೇಕ ಕಾಯಿದೆ ಇತ್ತು. ದಾಂಡೇಲಿಯ ಸಾಗುವಾನಿಯ ದಿಮ್ಮಿ ಎಳೆಯುವ ಆನೆಗೆ ಗಾಯವಾದರೆ ಅರಣ್ಯ ಇಲಾಖೆಗೆ ನಷ್ಟ. ಆ ನಷ್ಟವನ್ನು ಬರೆಯಲು ಪುಸ್ತಕವಿತ್ತು.

ಆದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ಈ ನಾಲ್ಕು ತಾಲ್ಲೂಕುಗಳ ಪಶುವೈದ್ಯದ ನಿಜವಾದ ಕತೆ ಎಮ್ಮೆಯದು. ಮಹಾರಾಷ್ಟ್ರದ ಕಡೆಯಿಂದ ಘಟ್ಟದ ಗುಂಟ ಇಳಿದುಬಂದ ಧನಗರ ಗೌಳಿಗಳು ಹಳಿಯಾಳ, ಜೋಯಿಡಾ, ಮುಂಡಗೋಡದ ಕಾಡಂಚಿನಲ್ಲಿ ಗೌಳಿವಾಡಗಳನ್ನು ಕಟ್ಟಿಕೊಂಡು, ಹಾಲು–ಬೆಣ್ಣೆ ಮಾರಿ, ರೈತರಿಗೆ ಗೊಬ್ಬರ ಕೊಟ್ಟು ಬದುಕಿದವರು. ಮಾಧವ ಗಾಡ್ಗೀಳ್ ಮತ್ತು ಕೈಲಾಶ್ ಮಲ್ಹೋತ್ರಾ 1982ರಲ್ಲಿ ಗೌಳಿ ಧನಗರರ ಬಗ್ಗೆ ಬರೆದ ಲೇಖನ ಇಂದಿಗೂ ಓದಬೇಕಾದದ್ದು. ಇಂಥವರ ಮಂದೆಗೆ ‘ದೊಡ್ಡರೋಗ’ ಬಂತೆಂದರೆ ಮನೆತನವೇ ನೆಲಕಚ್ಚುತ್ತಿತ್ತು. ಜ್ವರ, ಬಾಯಿಹುಣ್ಣು, ಕಣ್ಣಿನಲ್ಲಿ ಪಿಚ್ಚು, ರಕ್ತಭೇದಿ. ಒಂದೆರಡು ವಾರದೊಳಗೆ ಕೊಟ್ಟಿಗೆ ಖಾಲಿ. ಕಾಡುಕೋಣಕ್ಕೂ ಹತ್ತುವ ರೋಗ ಇದು, ಆದ್ದರಿಂದ ಕಾಡಿನೊಳಗೆ ಮೇಯಿಸುವವರಿಗೆ ಕಾಡೂ ಆಸರೆಯಾಗುತ್ತಿರಲಿಲ್ಲ. ಜನ ಇದನ್ನು ಮಾರಿ ಎಂದೇ ತಿಳಿದರು. ಮಾರಿಯನ್ನು ಊರ ಗಡಿ ದಾಟಿಸಿ ಬರುವ ಆಚರಣೆಯ ಒಳಗಿನ ವಿಚಾರ ಸರಳ: ರೋಗ ಹೊರಗಿನಿಂದ ಬಂದದ್ದು, ಹೊರಗೇ ಹೋಗಬೇಕು. ವಿಚಿತ್ರವೆಂದರೆ ಸರ್ಕಾರದ ವಿಜ್ಞಾನವೂ ಕೊನೆಗೆ ಇದನ್ನೇ ಹೇಳಿತು, ಬೇರೆ ಮಾತಿನಲ್ಲಿ. 1871ರಲ್ಲಿ ದನಗಳ ಪಿಡುಗಿನ ಆಯೋಗದ ವರದಿ ಬಂತು. 1889ರಲ್ಲಿ ಪುಣೆಯಲ್ಲಿ ಸಾಮ್ರಾಜ್ಯದ ಬ್ಯಾಕ್ಟೀರಿಯಾ ಪ್ರಯೋಗಾಲಯ ಶುರುವಾಗಿ ನಾಲ್ಕು ವರ್ಷಕ್ಕೆ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಅಲ್ಲಿ 1920ರ ದಶಕದಲ್ಲಿ ಎಡ್ವರ್ಡ್ಸ್ ಮೇಕೆಯಲ್ಲಿ ಪಳಗಿಸಿದ ವೈರಸ್ಸಿನಿಂದ ಲಸಿಕೆ ಮಾಡಿದ. 1954ರಲ್ಲಿ ದೇಶವ್ಯಾಪಿ ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. ಎರಡು ವರ್ಷದ ನಂತರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸೂಜಿ ಹಿಡಿದವರ ಇಲಾಖೆಯ ಹೆಸರು ಬದಲಾಯಿತು, ಸೂಜಿ ಮುಂದುವರಿಯಿತು.

ಇಲ್ಲಿ ನನ್ನ ವಾದಕ್ಕೆ ಬೇಕಾದ ಮುಖ್ಯ ಸಂಗತಿ ಇದೆ. ಕೋಟಿಗಟ್ಟಲೆ ಲಸಿಕೆ ಹಾಕಿದ ಮೇಲೂ ದೊಡ್ಡರೋಗ ಮೂರು–ನಾಲ್ಕು ದಶಕ ಅಲ್ಲಲ್ಲಿ ಹೊಗೆಯಾಡುತ್ತಲೇ ಇತ್ತು. 1992ರಲ್ಲಿ ಯುರೋಪಿನ ನೆರವಿನಿಂದ ಬಂದ ಹೊಸ ಯೋಜನೆ ದಿಕ್ಕು ಬದಲಿಸಿತು: ಊರೂರು ತಿರುಗಿ ರೋಗವನ್ನು ಹುಡುಕುವುದು, ಅನುಮಾನ ಬಂದ ದನದ ರಕ್ತ ಪರೀಕ್ಷಿಸುವುದು, ಹಂತಹಂತವಾಗಿ ಲಸಿಕೆಯನ್ನೇ ನಿಲ್ಲಿಸಿ ಮತ್ತೆ ತಲೆ ಎತ್ತುತ್ತದೆಯೇ ಎಂದು ಕಾಯುವುದು. ಭಾರತದ ಕೊನೆಯ ಪ್ರಕರಣ 1995ರಲ್ಲಿ ತಮಿಳುನಾಡಿನಲ್ಲಿ ಕಂಡಿತು. ಆದರೂ ‘ರೋಗಮುಕ್ತ’ ಎಂಬ ಪತ್ರ ಸಿಕ್ಕದ್ದು 2004ರಲ್ಲಿ, ‘ಸೋಂಕುಮುಕ್ತ’ ಎಂಬುದು 2006ರಲ್ಲಿ. ಜಗತ್ತೇ ಮುಕ್ತವಾಯಿತೆಂದು ಸಾರಿದ್ದು 2011ರಲ್ಲಿ. ರೋಗ ಕಾಣದಿರುವುದು ಒಂದು, ರೋಗ ಇಲ್ಲದಿರುವುದು ಮತ್ತೊಂದು ಎಂಬ ವ್ಯತ್ಯಾಸವನ್ನು ಸಾಬೀತು ಮಾಡಲು ನಮ್ಮ ಪಶುವೈದ್ಯರು ಹನ್ನೊಂದು ವರ್ಷ ಬರಿಗೈಯಲ್ಲಿ ಹುಡುಕಿದರು. ಸೂಜಿಯ ಸಾಹಸವನ್ನು ನಾವು ಹೊಗಳುತ್ತೇವೆ, ಈ ಹುಡುಕಾಟದ ದಫ್ತರವನ್ನು ಮರೆಯುತ್ತೇವೆ. ಇದು ಮರೆಯುವಂಥದ್ದಲ್ಲ.

ಈಗ ಬೆಕ್ಕಿಗೆ ಬರೋಣ. ಅದರ ಸಕ್ಕರೆ ಕಾಯಿಲೆ ಗಡಿ ದಾಟಿ ಬಂದದ್ದಲ್ಲ, ಗಡಿ ದಾಟಿಸಲು ಬರುವಂಥದ್ದೂ ಅಲ್ಲ. ಬೆಕ್ಕು ಹುಟ್ಟಾ ಮಾಂಸಾಹಾರಿ. ಒಂದೇಟಿಗೆ ಬಂದ ಹಿಟ್ಟು–ಸಕ್ಕರೆಯನ್ನು ಚುರುಕಾಗಿ ಜೀರ್ಣಿಸಿಕೊಳ್ಳುವ ವ್ಯವಸ್ಥೆ ಅದರ ಯಕೃತ್ತಿನಲ್ಲಿ ದುರ್ಬಲ. ಇಲಿ ಹಿಡಿದು ತಿನ್ನುತ್ತಿದ್ದ ಪ್ರಾಣಿ ಕಾರ್ಖಾನೆಯ ವಸತಿಯ ಬೆಚ್ಚನೆ ಕೋಣೆಯಲ್ಲಿ ಹಾಲನ್ನ, ಬಿಸ್ಕತ್ತು, ಒಣ ಆಹಾರ ತಿಂದು, ಬೀಜ ಒಡೆಸಿಕೊಂಡು, ದಪ್ಪಗಾದರೆ ಮೇದೋಜೀರಕದ ಮೇಲೆ ಭಾರ ಬೀಳುತ್ತದೆ. ಮನುಷ್ಯರ ಎರಡನೇ ಬಗೆಯ ಮಧುಮೇಹಕ್ಕೆ ಇದು ಹತ್ತಿರದ ನೆಂಟ. ಈ ಕಾಯಿಲೆಯ ಅರಿವಿನ ಹಿಂದೆ ಇರುವುದೂ ಪ್ರಾಣಿಗಳೇ: 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯ ಮೇದೋಜೀರಕ ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು, 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ಪರೀಕ್ಷಿಸಿದ ಸಾರ ಮುಂದಿನ ವರ್ಷ ದನದ ಮೇದೋಜೀರಕದಿಂದ ತಯಾರಾಗಿ ಹದಿನಾಲ್ಕರ ಹುಡುಗನೊಬ್ಬನ ಜೀವ ಉಳಿಸಿತು. ಮುಂದೆ ಹಲವು ದಶಕ ಜಗತ್ತು ಬದುಕಿದ್ದು ದನ ಮತ್ತು ಹಂದಿಯ ಇನ್ಸುಲಿನ್ನಿನಿಂದ. ಬೆಕ್ಕಿನ ಇನ್ಸುಲಿನ್ನಿಗೂ ದನದ ಇನ್ಸುಲಿನ್ನಿಗೂ ಇರುವ ವ್ಯತ್ಯಾಸ 51 ಅಮೈನೋ ಆಮ್ಲಗಳಲ್ಲಿ ಒಂದೇ ಒಂದು. ಹಂದಿಯದಕ್ಕಿಂತಲೂ, ಮನುಷ್ಯನದಕ್ಕಿಂತಲೂ ಅದು ಹತ್ತಿರ. ‘ದನದ ದವಾಖಾನೆ’ ಎಂದು ಹಳಿಯಾಳ–ಮುಂಡಗೋಡದ ಕಡೆ ಕರೆಯುವ ಕಟ್ಟಡದಲ್ಲಿ ಬೆಕ್ಕಿಗೆ ಜಾಗವಿಲ್ಲದಿರಬಹುದು. ದನದ ದೇಹದಲ್ಲಿ ಬೆಕ್ಕಿನ ಔಷಧವಂತೂ ಇತ್ತು.

ಬೆಕ್ಕಿನ ಮಧುಮೇಹದ ವಿಶೇಷವೆಂದರೆ ಅದು ಹಿಂದೆ ಸರಿಯಬಲ್ಲದು. ಬೇಗ ಇನ್ಸುಲಿನ್ ಶುರುಮಾಡಿ, ಹಿಟ್ಟಿನಂಶ ಕಡಿಮೆಯಿರುವ ಮಾಂಸದ ಆಹಾರ ಕೊಟ್ಟರೆ ಬೆಕ್ಕಿನ ಸ್ವಂತ ಇನ್ಸುಲಿನ್ ಮತ್ತೆ ಕೆಲಸಕ್ಕೆ ಬರಬಹುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಹೊಸದಾಗಿ ರೋಗ ಪತ್ತೆಯಾದ 24 ಬೆಕ್ಕುಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗ್ಲಾರ್ಜಿನ್ ಎಂಬ ಬಗೆಯ ಇನ್ಸುಲಿನ್ ಪಡೆದ ಎಂಟೂ ಬೆಕ್ಕುಗಳು ಇನ್ಸುಲಿನ್ ಬಿಟ್ಟವು. ಎಂಟು ಎಂಬುದು ಚಿಕ್ಕ ಸಂಖ್ಯೆ; ಮರುವರ್ಷ ಬಂದ 90 ಬೆಕ್ಕುಗಳ ಲೆಕ್ಕದಲ್ಲಿ ಹಾಗೆ ಬಿಟ್ಟವು 45. ಆ 45ರ ವಿರಾಮ ಒಂದು ತಿಂಗಳಿಂದ ಹಿಡಿದು ಒಂಬತ್ತು ವರ್ಷದವರೆಗೂ ಹರಡಿತ್ತು. ನಾನು ವಿರಾಮ ಎಂಬ ಪದವನ್ನೇ ಬಳಸುತ್ತೇನೆ. ‘ಶುಗರ್ ಬಿಟ್ಟುಹೋಯ್ತು’ ಎಂದು ಮನೆಯವರು ಹೇಳುವುದರಲ್ಲಿ ಮಾರಿ ಗಡಿ ದಾಟಿತೆಂಬ ಹಳೆಯ ವ್ಯಾಕರಣವೇ ಇದೆ. ಹೋದದ್ದು ಏನೂ ಇಲ್ಲ. ಮೇದೋಜೀರಕದ ಗಾಯ ಅಲ್ಲೇ ಇದೆ, ಕಡಿಮೆ ಭಾರದಲ್ಲಿ ನಡೆದುಕೊಂಡು ಹೋಗುತ್ತಿದೆ. ದೊಡ್ಡರೋಗದ ಲೆಕ್ಕದಲ್ಲಿ ಹೇಳುವುದಾದರೆ ಈ ಬೆಕ್ಕು ಎಂದೆಂದಿಗೂ 1995ರಲ್ಲೇ ಇರುತ್ತದೆ, ಅದಕ್ಕೆ 2006 ಬರುವುದಿಲ್ಲ.

ಹೀಗಿರುವ ಬೆಕ್ಕಿಗೆ ಹಠಾತ್ತನೆ ಏನಾದರೂ ಆದಾಗ ಹಳೆಯ ಚರಿತ್ರೆ ಅಡ್ಡ ಬರುವುದು ಎಲ್ಲಿ? ಉತ್ತರ ಸ್ವಲ್ಪ ವಿಚಿತ್ರವಾಗಿದೆ. ಸಕ್ಕರೆಯ ಏರುಪೇರು ನಮ್ಮ ಪಶು ಆಸ್ಪತ್ರೆಗಳಿಗೆ ಹೊಸದಲ್ಲ. ಮಿಶ್ರತಳಿ ಹಸುಗಳು ಬಂದು ಡೇರಿಗಳು ಬೆಳೆದ ಮೇಲೆ, ಕರು ಹಾಕಿದ ಮೊದಲ ವಾರಗಳಲ್ಲಿ ಹಸು ಮೇವು ಬಿಟ್ಟು, ಹಾಲು ಇಳಿದು, ಉಸಿರಿನಲ್ಲಿ ಹಣ್ಣು ಕೊಳೆತಂಥ ವಾಸನೆ ಬಂದರೆ ಅದು ಕೀಟೋಸಿಸ್ ಎಂದು ಇಲ್ಲಿನ ವೈದ್ಯರು ಮೂಗಿನಿಂದಲೇ ಹೇಳಬಲ್ಲರು. ಅಲ್ಲಿ ರಕ್ತದ ಸಕ್ಕರೆ ಕುಸಿದಿರುತ್ತದೆ. ಚಿಕಿತ್ಸೆ ನರಕ್ಕೆ ಗ್ಲೂಕೋಸು, ಜೊತೆಗೆ ಸಕ್ಕರೆ ಏರಿಸುವ ಸ್ಟಿರಾಯ್ಡು. ಮಧುಮೇಹ ಮರಳಿ ಉಲ್ಬಣಿಸಿದ ಬೆಕ್ಕಿನ ಉಸಿರಿನಲ್ಲೂ ಬರುವುದು ಅದೇ ವಾಸನೆ, ಅದೇ ಕೀಟೋನು. ಊಟ ಬಿಡುವುದೂ ಅದೇ. ಆದರೆ ಸಕ್ಕರೆ ಮಾತ್ರ ತದ್ವಿರುದ್ಧ ದಿಕ್ಕಿನಲ್ಲಿ ಆಕಾಶಕ್ಕೇರಿರುತ್ತದೆ. ಹಸುವನ್ನು ಎಬ್ಬಿಸಿ ನಿಲ್ಲಿಸುವ ಸ್ಟಿರಾಯ್ಡು ಈ ಬೆಕ್ಕನ್ನು ಮುಳುಗಿಸಬಲ್ಲದು. ಚರ್ಮದ ತುರಿಕೆಗೆಂದು ಕೊಡುವ ದೀರ್ಘಕಾಲದ ಸ್ಟಿರಾಯ್ಡ್ ಇಂಜೆಕ್ಷನ್ ಒಂದೇ ಸಾಕು, ವರ್ಷಗಟ್ಟಲೆ ಸುಮ್ಮನಿದ್ದ ಮಧುಮೇಹ ಎಚ್ಚರಗೊಳ್ಳಲು. ಇದು ವೈದ್ಯರ ಅಜ್ಞಾನವಲ್ಲ; ದಿನಕ್ಕೆ ಹತ್ತು ಹಸು ನೋಡುವ ಕೈಗೆ ಹಸುವಿನ ದಾರಿಯೇ ಮೊದಲು ಹೊಳೆಯುತ್ತದೆ. ಆ ಕೈಗೆ ಮುಂಚಿತವಾಗಿ ತಿಳಿಸದಿದ್ದರೆ ತಪ್ಪು ಬೆಕ್ಕಿನ ಮನೆಯವರದು.

ಇಲ್ಲೊಂದು ಆಕ್ಷೇಪ ಬರುತ್ತದೆ: ಇವತ್ತಿನ ಪಶುವೈದ್ಯ ಪದವಿಯಲ್ಲಿ ನಾಯಿ–ಬೆಕ್ಕಿನ ಚಿಕಿತ್ಸೆಯೂ ಪಾಠವಾಗಿದೆಯಲ್ಲ, 19ನೇ ಶತಮಾನದ ಆನೆ–ಕುದುರೆಯ ಕತೆಗೂ ಇದಕ್ಕೂ ಏನು ಸಂಬಂಧ? ಪಾಠ ನಿಜ. ಆದರೆ ಹುದ್ದೆಗಳನ್ನು ಹಂಚುವುದು, ಔಷಧ ಪಟ್ಟಿ ಮಾಡುವುದು, ವಾಹನ ಓಡಿಸುವುದು ಗಣತಿಯ ತಲೆ ಎಣಿಕೆಯ ಮೇಲೆ. ಎಮ್ಮೆಯ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಇದೆ. ಕಾಲುಬಾಯಿ ರೋಗದ ಲಸಿಕೆ ಯಾವಾಗ ಹಾಕಿದ್ದು ಎಂಬುದು ಆ ಅಂಕಿಯ ಕೆಳಗೆ ದಾಖಲಾಗುತ್ತದೆ. 2022ರಲ್ಲಿ ಚರ್ಮಗಂಟು ರೋಗ ಉತ್ತರ ಕರ್ನಾಟಕದ ದನಗಳನ್ನು ಕಾಡಿದಾಗ ಇಲಾಖೆಗೆ ಎಲ್ಲಿ ಹೋಗಬೇಕೆಂದು ಗೊತ್ತಿತ್ತು. 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನದ ಮೂಲ ಕಲ್ಪನೆಯೂ ರೈತನ ಕೊಟ್ಟಿಗೆಯೇ. ಇದನ್ನು ದೂರಾಗಿ ಹೇಳುತ್ತಿಲ್ಲ. ಗೌಳಿಯ ಎಮ್ಮೆ ಸತ್ತರೆ ಒಂದು ಕುಟುಂಬದ ಊಟ ಹೋಗುತ್ತದೆ. ಆದ್ಯತೆ ಎಮ್ಮೆಗೇ ಇರಲಿ. ಪಾಠಪುಸ್ತಕ ಬದಲಾದ ಮಾತ್ರಕ್ಕೆ ಚರಿತ್ರೆ ಬದಲಾಗಿಲ್ಲ ಎಂಬುದಷ್ಟೇ ನನ್ನ ಮಾತು.

ಇನ್ನೂ ಕಟುವಾದ ಆಕ್ಷೇಪ ಮತ್ತೊಂದಿದೆ. ಜೋಯಿಡಾದಂಥ ತಾಲ್ಲೂಕಿನಲ್ಲಿ, ಚದುರಿ ಬಿದ್ದ ಹಳ್ಳಿಗಳ ನಡುವೆ, ಮಳೆಗಾಲದಲ್ಲಿ ಗರ್ಭಿಣಿಯನ್ನು ಆಸ್ಪತ್ರೆಗೆ ಸಾಗಿಸುವುದೇ ಸಾಹಸ. ಅಲ್ಲಿ ಬೆಕ್ಕಿನ ಸಕ್ಕರೆಯ ಮಾತು ಶೋಕಿಯಲ್ಲವೇ? ಬೆಕ್ಕಿಗಾಗಿ ಹೊಸ ಆಸ್ಪತ್ರೆ ಕಟ್ಟಿ ಎಂದಿದ್ದರೆ ಶೋಕಿಯೇ. ಆದರೆ ಬೇಕಾದದ್ದೆಲ್ಲ ಈಗಾಗಲೇ ಊರಿನಲ್ಲಿದೆ. ಮನೆಯ ಹಿರಿಯರಿಗೆಂದು ತಂದ ಸಕ್ಕರೆ ನೋಡುವ ಯಂತ್ರ ದಾಂಡೇಲಿಯಲ್ಲೂ ಉಂಟು, ಮುಂಡಗೋಡದ ಶಿಬಿರಗಳಲ್ಲೂ ಉಂಟು. ಬೆಕ್ಕಿನ ಕಿವಿಯಂಚಿನ ಒಂದು ಹನಿ ರಕ್ತ ಅದಕ್ಕೆ ಸಾಕು; ಮನುಷ್ಯರ ಯಂತ್ರ ಬೆಕ್ಕಿನ ಸಕ್ಕರೆಯನ್ನು ಸ್ವಲ್ಪ ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಬೇಕು. ಮೂತ್ರದಲ್ಲಿ ಸಕ್ಕರೆ ಮತ್ತು ಕೀಟೋನು ಎರಡನ್ನೂ ತೋರಿಸುವ ಕಾಗದದ ಪಟ್ಟಿ ಔಷಧದ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಇದರಲ್ಲಿ ಹೊಸದೂ ಹೆಚ್ಚಿಲ್ಲ: ಸಿಹಿ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಳೆಯ ವೈದ್ಯರು ಗಮನಿಸಿದ್ದರು, ಮೂತ್ರದ ಬಣ್ಣ, ಗುಳ್ಳೆ, ಆವಿ ನೋಡಿ ರೋಗ ಹೇಳುವುದು ಟಿಬೆಟಿನ ವೈದ್ಯಪದ್ಧತಿಯ ಹೆಗ್ಗುರುತು, 1966ರಲ್ಲಿ ಮುಂಡಗೋಡದಲ್ಲಿ ವಸತಿ ಶುರುವಾದಾಗ ಆ ಪದ್ಧತಿಯೂ ಜನರ ಜೊತೆ ಬಂತು.

ಮೂತ್ರ ನೋಡುವ ಪಟ್ಟಿ ಏಕೆ ಮುಖ್ಯವೆಂದರೆ, ಬೆಕ್ಕು ಹೆದರಿದರೂ ಅದರ ರಕ್ತದ ಸಕ್ಕರೆ ಏರುತ್ತದೆ. ಚೀಲದೊಳಗೆ ತುರುಕಿ ದಾಂಡೇಲಿಯಿಂದ ಧಾರವಾಡಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರು ಬಸ್ಸಿನಲ್ಲಿ ಒಯ್ದ ಬೆಕ್ಕಿನಲ್ಲಿ 250, 300 ಕಂಡರೆ ಅದು ಕಾಯಿಲೆಯೋ ಭಯವೋ ಹೇಳಲಾಗದು. ಸಕ್ಕರೆ ಸುಮಾರು 270 ದಾಟಿ ಹೊತ್ತು ನಿಂತರೆ ಮಾತ್ರ ಮೂತ್ರಕ್ಕೆ ಇಳಿಯುತ್ತದೆ. ಮನೆಯ ಮೂತ್ರ ಸ್ವಚ್ಛವಿದ್ದರೆ ಬಸ್ಸಿನ ಅಂಕಿಯನ್ನು ನಂಬಬೇಕಿಲ್ಲ. ಹಿಂದಿನ ಒಂದೆರಡು ವಾರದ ಸರಾಸರಿ ಹೇಳುವ ಫ್ರಕ್ಟೋಸಮೈನ್ ಪರೀಕ್ಷೆ ನಗರದ ಪ್ರಯೋಗಾಲಯಗಳಲ್ಲಿ ಆಗುತ್ತದೆ. ಗಾಬರಿಯಲ್ಲಿ ಫ್ರಿಜ್ಜಿನ ಮೂಲೆಯಲ್ಲಿ ಉಳಿದ ಹಳೆಯ ಇನ್ಸುಲಿನ್ ಶೀಷೆ ತೆಗೆದು ಚುಚ್ಚುವುದು ಎಲ್ಲಕ್ಕಿಂತ ಅಪಾಯ. ಸಕ್ಕರೆ ಏರಿರದ ಬೆಕ್ಕು ಅದರಿಂದಲೇ ಸಾಯಬಹುದು. ಮನುಷ್ಯರ ಜ್ವರದ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಗಂಡುಬೆಕ್ಕು ಮೂತ್ರಕ್ಕೆ ಕೂತು ಕೂತು ಏಳುತ್ತಿದ್ದರೆ ಅದು ಶುಗರ್ ಆಗಿರಲಿಕ್ಕಿಲ್ಲ, ನಾಳ ಕಟ್ಟಿರಬಹುದು. ಅಲ್ಲಿ ಒಂದು ರಾತ್ರಿ ಕಾಯುವುದೂ ಹೆಚ್ಚು. ಹಿಂದೆ ಮಧುಮೇಹವಿದ್ದ ಬೆಕ್ಕಿಗೆ ಬರುವ ಎಲ್ಲವೂ ಮಧುಮೇಹವಲ್ಲ ಎಂಬುದು, ಮಧುಮೇಹ ಮರಳಬಹುದು ಎಂಬುದರಷ್ಟೇ ನೆನಪಿಡಬೇಕಾದ ಮಾತು.

ಕೊನೆಯ ಆಕ್ಷೇಪ ಸೌಮ್ಯವಾದದ್ದು: ವಾಸಿಯಾದ ಪ್ರಾಣಿಯನ್ನು ಹೀಗೆ ವಾರವಾರ ತೂಗಿ, ಮೂತ್ರ ನೋಡಿ, ಬರೆದಿಡುವುದು ಅತಿಯಲ್ಲವೇ? ದೊಡ್ಡರೋಗವಿಲ್ಲದ ಊರುಗಳಿಗೆ ದೊಡ್ಡರೋಗ ಕೇಳಿಕೊಂಡು ಹೋದ ಪಶು ಪರೀಕ್ಷಕರಿಗೂ ಜನ ಹೀಗೇ ನಕ್ಕಿರಬೇಕು. ಆದರೆ ಬರಿಗೈಯ ಆ ಭೇಟಿಗಳೇ ಕೊನೆಗೆ ಸಾಕ್ಷಿಯಾದವು. ಬೆಕ್ಕಿನ ತೂಕ ತಿಂಗಳಿಗೆ ಇನ್ನೂರು ಗ್ರಾಂ ಇಳಿದದ್ದು, ನೀರಿನ ಬಟ್ಟಲು ದಿನಕ್ಕೆ ಎರಡು ಸಲ ಖಾಲಿಯಾದದ್ದು ಕಣ್ಣಿಗೆ ಕಾಣುವುದಿಲ್ಲ, ಪುಸ್ತಕಕ್ಕೆ ಕಾಣುತ್ತದೆ. ಗಣತಿಯವರು ಬರೆಯದಿದ್ದ ಮೇಲೆ ಬರೆಯಬೇಕಾದವರು ಮನೆಯವರೇ. ಆದ್ದರಿಂದ ಹಳಿಯಾಳದಲ್ಲಿರಲಿ, ಜೋಯಿಡಾದಲ್ಲಿರಲಿ, ಇಂಥ ಬೆಕ್ಕು ಸಾಕಿದ ಓದುಗರಲ್ಲಿ ಒಂದೇ ಬೇಡಿಕೆ: ಇವತ್ತೇ ಒಂದು ಚೀಟಿಯಲ್ಲಿ ‘ಇದಕ್ಕೆ ಹಿಂದೆ ಸಕ್ಕರೆ ಕಾಯಿಲೆ ಇತ್ತು, ಈಗ ಇನ್ಸುಲಿನ್ ಇಲ್ಲ, ಕೇಳದೆ ಸ್ಟಿರಾಯ್ಡು ಬೇಡ’ ಎಂದು ಬರೆದು, ಕೊನೆಯ ತೂಕವನ್ನೂ ತಾರೀಖನ್ನೂ ಸೇರಿಸಿ, ಬೆಕ್ಕನ್ನು ಒಯ್ಯುವ ಬುಟ್ಟಿಗೆ ಕಟ್ಟಿಡಿ. ದವಾಖಾನೆಯ ಮೇಜಿನ ಮೇಲೆ ಬೆಕ್ಕಿಗಿಂತ ಮೊದಲು ಆ ಚೀಟಿ ಹೋಗಲಿ.